ಕಾಳಗದ ಆಟದಲ್ಲಿ ಮೊದಲ ಸರದಿಯೂ ಹಠಾತ್ ಪ್ರಹಾರವೂ

ಎರಡು ಪಕ್ಷಗಳು ಎದುರಾದಾಗ ಮೊದಲು ಕೈ ಎತ್ತುವವರು ಯಾರು? ಜಗಲಿಯ ಮೇಲೆ ಚೌಕಾಬಾರ ಆಡುವ ಮಕ್ಕಳಿಗೂ ಈ ಪ್ರಶ್ನೆ ಹೊಸದಲ್ಲ. ಆಡು-ಹುಲಿಯ ಆಟದಲ್ಲಂತೂ ಒಬ್ಬರಾದ ಮೇಲೆ ಒಬ್ಬರು ಕಾಯಿ ನಡೆಸಬೇಕೆಂಬುದು ಕಟ್ಟಳೆ. ಆದರೆ ಈ ಎರಡು ಆಟಗಳಲ್ಲಿಯೂ ಮಣೆಯ ಮೇಲೆ ಇರುವುದೆಲ್ಲವೂ ಎಲ್ಲರ ಕಣ್ಣಿಗೂ ಕಾಣುತ್ತದೆ. ಹುಲಿಯು ಪೊದೆಯಲ್ಲಿ ಅಡಗಿ ಕುಳಿತಿರುವುದಿಲ್ಲ. ಆದುದರಿಂದ ಅಲ್ಲಿ ಸರದಿಯ ಪ್ರಶ್ನೆ ಉಂಟೇ ಹೊರತು, ಎದುರಾಳಿಯು ಬೆಚ್ಚಿಬೀಳುವ ಪ್ರಶ್ನೆ ಇಲ್ಲ.

ಈಚೆಗೆ ನಮ್ಮ ವಿದ್ಯಾರ್ಥಿಗಳಲ್ಲಿಯೂ ಕೆಲವರಿಗೆ ಪರಿಚಯವಾಗಿರುವ ಒಂದು ಬಗೆಯ ಆಟದಲ್ಲಿ ಈ ಎರಡನೆಯ ಪ್ರಶ್ನೆಯೇ ದೊಡ್ಡದು. ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿಕೊಂಡು, ಮಾತಿನಿಂದಲೂ ದಾಳದಿಂದಲೂ ಕಥೆಯನ್ನು ನಡೆಸುವ ಆಟ ಇದು. ಒಬ್ಬನು ಸೂತ್ರಧಾರನಾಗಿ ಊರು, ಕಾಡು, ಕಳ್ಳರು, ರಾಕ್ಷಸರು ಎಲ್ಲವನ್ನೂ ಬಣ್ಣಿಸುತ್ತಾನೆ. ವೇಳೆ ಬಂದಾಗ ನ್ಯಾಯಾಧೀಶನೂ ಆಗುತ್ತಾನೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬುವರು ೧೯೭೪ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಜಾತಿಯ ಆಟಗಳಲ್ಲಿ ಮೊದಲು ಅಚ್ಚಾದದ್ದು. ಅದರ ಕಾಳಗದ ನಿಯಮಗಳಲ್ಲಿ ‘ಇನಿಷಿಯೇಟಿವ್’, ‘ಸರ್‌ಪ್ರೈಸ್’ ಎಂಬ ಎರಡು ಮಾತುಗಳು ಒಟ್ಟಿಗೇ ಬರುತ್ತವೆ. ಇವನ್ನು ನಾವು ಮೊದಲ ಸರದಿ, ಹಠಾತ್ ಪ್ರಹಾರ ಎಂದು ಕರೆಯೋಣ. ಒಂದೇ ಪುಟದಲ್ಲಿರುವುದರಿಂದ ಇವೆರಡೂ ಒಂದೇ ಎಂದು ಹೊಸಬರು ತಿಳಿಯುತ್ತಾರೆ. ಹಾಗಲ್ಲ. ಮೊದಲನೆಯದು ಚುರುಕಿನ ಮಾತು, ಎರಡನೆಯದು ಅರಿವಿನ ಮಾತು.

ನಮ್ಮವರು ಈ ಭೇದವನ್ನು ಅರಿಯದವರಲ್ಲ. ಸ್ಥಳವನ್ನೂ ಕಾಲವನ್ನೂ ಮೊದಲೇ ಸಾರಿ ಮಾಡುವುದು ಪ್ರಕಾಶಯುದ್ಧ, ಕಪಟದಿಂದ ಮೇಲೆ ಬೀಳುವುದು ಕೂಟಯುದ್ಧ ಎಂದು ಕೌಟಿಲ್ಯನು ವಿಂಗಡಿಸಿದ್ದಾನೆ. ಪ್ರಕಾಶಯುದ್ಧದಲ್ಲಿ ಯಾರು ಮೊದಲು ಎಂಬುದಷ್ಟೇ ಕೇಳಬೇಕಾದ ಪ್ರಶ್ನೆ. ಕೂಟಯುದ್ಧದಲ್ಲಿ ಯಾರಿಗೆ ಏನು ಗೊತ್ತಿತ್ತು ಎಂದು ಕೇಳಬೇಕು. ೧೮೨೪ರಲ್ಲಿ ಪ್ರಷ್ಯದ ಸೈನ್ಯಾಧಿಕಾರಿ ರೈಸ್ವಿಟ್ಸ್ ಪ್ರಕಟಿಸಿದ ಯುದ್ಧದ ಆಟದಲ್ಲಿ ಇದಕ್ಕೆ ಜಾಣತನದ ಉಪಾಯವಿತ್ತು. ಎರಡು ಪಕ್ಷದವರೂ ತಮ್ಮ ಆಜ್ಞೆಗಳನ್ನು ಮಧ್ಯಸ್ಥನಿಗೆ ಒಪ್ಪಿಸುವರು. ಅವನು ಎರಡೆರಡು ನಿಮಿಷದ ಲೆಕ್ಕದಲ್ಲಿ ಇಬ್ಬರ ಸೈನ್ಯವನ್ನೂ ಒಟ್ಟಿಗೆ ನಡೆಸುವನು. ಶತ್ರುವಿನ ಕಣ್ಣಿಗೆ ಬಿದ್ದ ತುಕಡಿಯನ್ನು ಮಾತ್ರ ನಕ್ಷೆಯ ಮೇಲೆ ಇಡುವನು. ಅಲ್ಲಿ ಹಠಾತ್ ಪ್ರಹಾರಕ್ಕೆ ಬೇರೆ ನಿಯಮವೇ ಬೇಡ. ಕಾಣದ ತುಕಡಿ ಕಂಡ ಕ್ಷಣವೇ ಅಚ್ಚರಿಯ ಕ್ಷಣ.

ಪಾತ್ರದ ಆಟಕ್ಕೆ ಅಷ್ಟು ಕಾಗದಪತ್ರದ ವ್ಯವಧಾನವಿಲ್ಲದುದರಿಂದ ದಾಳವನ್ನು ಕರೆಯಬೇಕಾಯಿತು. ಗೈಗ್ಯಾಕ್ಸನ ಹಿಂದಿನ ಯುದ್ಧದಾಟವಾದ ‘ಚೈನ್‌ಮೇಲ್’ನಲ್ಲಿ (೧೯೭೧) ಎರಡು ಪಕ್ಷದವರೂ ದಾಳ ಎಸೆಯುತ್ತಿದ್ದರು. ಹೆಚ್ಚು ಬಿದ್ದವನು ಮೊದಲು ನಡೆಯಲೂಬಹುದು, ಬೇಕೆಂದೇ ಕೊನೆಗೆ ನಡೆಯಲೂಬಹುದು. ಎದುರಾಳಿಯ ನಡೆಯನ್ನು ನೋಡಿಕೊಂಡು ನಡೆಯುವುದೂ ಒಂದು ಮೇಲುಗೈಯೆಂಬ ಸೂಕ್ಷ್ಮವನ್ನು ಆ ನಿಯಮ ಬಲ್ಲುದು. ಮುಂದಿನ ಪುಸ್ತಕಗಳು ಅದನ್ನು ಬಿಟ್ಟುಕೊಟ್ಟದ್ದು ನನಗೆ ನಷ್ಟವೆಂದೇ ತೋರುತ್ತದೆ. ೧೯೭೪ರ ಆಟದಲ್ಲಿ ಹಠಾತ್ ಪ್ರಹಾರಕ್ಕೆ ಆರು ಮುಖದ ದಾಳ: ಒಂದು ಅಥವಾ ಎರಡು ಬಿದ್ದ ಪಕ್ಷ ಬೆಚ್ಚಿಬಿದ್ದಂತೆ. ಲೆಕ್ಕ ಹಾಕಿ ನೋಡಿದರೆ, ಒಂಬತ್ತು ಭೇಟಿಗಳಲ್ಲಿ ನಾಲ್ಕರಲ್ಲಿ ಯಾರೂ ಬೆಚ್ಚುವುದಿಲ್ಲ. ನಾಲ್ಕರಲ್ಲಿ ಒಂದೇ ಪಕ್ಷ ಬೆಚ್ಚುತ್ತದೆ. ಉಳಿದ ಒಂದರಲ್ಲಿ ಇಬ್ಬರೂ ಬೆಚ್ಚಿ ಒಬ್ಬರನ್ನೊಬ್ಬರು ನೋಡುತ್ತ ನಿಲ್ಲುತ್ತಾರೆ. ಸರಳವೇನೋ ಸರಿ, ಆದರೆ ಬಹಳ ಕುರುಡು. ಬೆಕ್ಕಿನಂತೆ ನಡೆಯುವವನಿಗೂ ಹರಟೆ ಹೊಡೆಯುತ್ತ ಬರುವವನಿಗೂ ಒಂದೇ ದಾಳ.

೨೦೧೪ರ ಆವೃತ್ತಿಯ ವೇಳೆಗೆ ಇದು ಬಹಳ ಬದಲಾಗಿತ್ತು. ಸರದಿಗೆ ಇಪ್ಪತ್ತು ಮುಖದ ದಾಳ, ಅದಕ್ಕೆ ಪಾತ್ರದ ಚುರುಕಿನ ಅಂಕ ಸೇರಿಸಬೇಕು. ಅಚ್ಚರಿಗೆ ಬೇರೆ ಪರೀಕ್ಷೆ: ಅಡಗಿದವರ ಅಡಗುವಿಕೆಯನ್ನು ಬರುವವರ ಎಚ್ಚರದ ಅಂಕದೊಡನೆ, ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ, ಹೋಲಿಸಬೇಕು. ನಮ್ಮ ಊರಿನದೇ ಉದಾಹರಣೆಯಿಂದ ಇದನ್ನು ನೋಡೋಣ. ನಾಲ್ವರು ಪಾತ್ರಧಾರಿಗಳು ಚಾಂಪಿಯನ್ ರೀಫ್ ಗಣಿಯೊಳಕ್ಕೆ ಇಳಿಯುತ್ತಾರೆ. (೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದ ಮೇಲೆ ಮೂರು ಕಿಲೋಮೀಟರಿಗೂ ಮೀರಿದ ಆ ಆಳಕ್ಕೆ ಕಲ್ಪನೆಯಲ್ಲಲ್ಲದೆ ಇಳಿಯುವಂತಿಲ್ಲ.) ಇವರ ಕೈಯಲ್ಲಿ ದೀಪವಿದೆ, ಸುರಂಗದ ತಿರುವಿನಲ್ಲಿ ದೀಪವಿಲ್ಲದ ಮೂವರು ಕಳ್ಳರು ಕಾದಿದ್ದಾರೆ. ದೀಪ ಹಿಡಿದವನು ಇತರರನ್ನು ಕಾಣುವ ಮೊದಲೇ ತಾನು ಕಾಣಿಸಿಕೊಳ್ಳುತ್ತಾನೆ. ಆದ್ದರಿಂದ ಬೆಚ್ಚಿಸುವ ಅವಕಾಶ ಕಳ್ಳರದು ಮಾತ್ರ. ಅವರ ಅಡಗುವಿಕೆ ೧೨, ೧೪, ೧೭ ಎಂದು ಬಂದಿತೆನ್ನಿ. ನಾಲ್ವರಲ್ಲಿ ಒಬ್ಬನ ಎಚ್ಚರ ೧೫, ಉಳಿದ ಮೂವರದು ೧೧. ಮೊದಲಿನವನಿಗೆ ಇಬ್ಬರು ಕಳ್ಳರ ಸುಳಿವು ಸಿಕ್ಕಿತು, ಅವನು ಬೆಚ್ಚುವುದಿಲ್ಲ. ಮೂರನೆಯ ಕಳ್ಳ ಕಾಣದಿದ್ದರೂ ಚಿಂತೆಯಿಲ್ಲ, ಅಪಾಯದ ಅರಿವು ಒಂದು ಕಡೆಯಿಂದ ಬಂದರೆ ಸಾಕು. ಉಳಿದ ಮೂವರು ತಮ್ಮ ಮೊದಲ ಸರದಿಯಲ್ಲಿ ಅಲುಗಾಡುವಂತಿಲ್ಲ. ಸರದಿಯ ದಾಳದಲ್ಲಿ ಇಪ್ಪತ್ತೇ ಬಿದ್ದರೂ ಅಲುಗಾಡುವಂತಿಲ್ಲ! ಚುರುಕು ಬೇರೆ, ಅರಿವು ಬೇರೆ ಎಂದು ಮೇಲೆ ಹೇಳಿದ್ದು ಇಲ್ಲಿ ಸ್ಪಷ್ಟವಾಗುತ್ತದೆ.

ಈ ನಿಯಮದ ತೊಂದರೆ ಆಡಿದವರಿಗೇ ಗೊತ್ತು. ತಿಂಗಳುಗಟ್ಟಲೆ ಆಸ್ಥೆಯಿಂದ ಬೆಳೆಸಿದ ಪಾತ್ರವು ಒಂದು ಮಾತನ್ನೂ ಆಡದೆ, ಒಂದು ದಾಳವನ್ನೂ ಎಸೆಯದೆ ಸತ್ತುಹೋಗಬಹುದು. ಸೂತ್ರಧಾರನಿಗೆ ಎಲ್ಲವೂ ಗೊತ್ತು. ಆಟಗಾರನಿಗೆ ಅವನು ಹೇಳಿದಷ್ಟೇ ಗೊತ್ತು. ‘ನಿಮಗೆ ಏನೂ ಕೇಳಿಸಲಿಲ್ಲ’ ಎಂದು ಅವನು ಹೇಳಿದರೆ ವಾದಿಸುವುದಕ್ಕೆ ಆಧಾರವೇ ಇಲ್ಲ. ಮೇಜಿನ ಸುತ್ತ ಸ್ನೇಹ ಕೆಡುವುದು ಬಹುಮಟ್ಟಿಗೆ ಈ ಒಂದು ವಾಕ್ಯದಿಂದ. ಆದುದರಿಂದ ಹಠಾತ್ ಪ್ರಹಾರದ ನಿಯಮವು ಕಳ್ಳರಿಂದ ಪಾತ್ರವನ್ನು ಕಾಪಾಡುವುದಕ್ಕಿಂತ ಹೆಚ್ಚಾಗಿ ಸೂತ್ರಧಾರನ ಮನಸ್ಸೋಇಚ್ಛೆಯಿಂದ ಆಟಗಾರನನ್ನು ಕಾಪಾಡುವುದಕ್ಕಾಗಿ ಇದೆ ಎಂದು ನನ್ನ ಅಭಿಪ್ರಾಯ. ಅಡಗುವಿಕೆಯ ದಾಳವನ್ನು ಕಥೆ ಆ ತಿರುವನ್ನು ಮುಟ್ಟುವ ಮೊದಲೇ ಎಸೆದು, ಚೀಟಿಯಲ್ಲಿ ಬರೆದಿಟ್ಟು, ಆಮೇಲೆ ಎಲ್ಲರಿಗೂ ತೋರಿಸುವ ಸೂತ್ರಧಾರನ ಮೇಲೆ ಯಾರೂ ಮುನಿಯುವುದಿಲ್ಲ.

೨೦೨೪ರ ಆವೃತ್ತಿ ಈ ಕಹಿಯನ್ನು ತಗ್ಗಿಸಿತು. ಬೆಚ್ಚಿದವನು ಸರದಿಗಾಗಿ ದಾಳವನ್ನು ಎರಡು ಸಲ ಎಸೆದು ಕಡಮೆಯದನ್ನು ಇಟ್ಟುಕೊಳ್ಳಬೇಕು, ಸರದಿಯೇ ತಪ್ಪಿಹೋಗುವುದಿಲ್ಲ. ಇಬ್ಬರ ಚುರುಕೂ ಸಮವಾಗಿದ್ದು, ಎದುರಾಳಿಯು ಒಂದೇ ಸಲ ಎಸೆಯುವುದಾದರೆ ಬೆಚ್ಚಿದವನಿಗೆ ನೂರಕ್ಕೆ ಸುಮಾರು ೩೧ ಸಲ ಮೇಲುಗೈ, ೫ ಸಲ ಸಮ, ಉಳಿದ ೬೪ ಸಲ ಸೋಲು. ಯಾರೂ ಕೈಕಟ್ಟಿ ಕೂರಬೇಕಾಗಿಲ್ಲವೆಂಬುದು ಇದರ ಗುಣ. ಆದರೆ ತಾನು ಕಾಣದ ಕಳ್ಳನಿಗಿಂತ ಮುಂಚೆ ಕಾವಲುಗಾರನು ಕತ್ತಿ ಹಿರಿಯುವುದು ಒಮ್ಮೊಮ್ಮೆ ನಡೆದರೆ, ಅರಿವನ್ನು ಮತ್ತೆ ಚುರುಕಿನೊಳಗೆ ಕಲಸಿದಂತಾಗಲಿಲ್ಲವೆ?

ಇನ್ನು ನಮ್ಮ ಜಿಲ್ಲೆಯಲ್ಲಿಯೇ ನಡೆದ ನಿಜವಾದ ಕಾಳಗವೊಂದನ್ನು ಈ ನಿಯಮಗಳ ಮೇಲೆ ಒರೆ ಹಚ್ಚಬಹುದು. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಗೂ ಇಂಗ್ಲಿಷರ ಕರ್ನಲ್ ವುಡ್ಡನಿಗೂ ೧೭೬೮ರ ಅಕ್ಟೋಬರ್ ೪ರಂದು ಮುಳಬಾಗಿಲ ಬಳಿ, ದೊಡ್ಡ ದೊಡ್ಡ ಬಂಡೆಗಳ ನಡುವೆ, ಕದನವಾಯಿತು. ಸಣ್ಣ ತುಕಡಿಯೆಂದು ತಿಳಿದು ಮುನ್ನುಗ್ಗಿದ ವುಡ್ಡನಿಗೆ ಹೈದರನ ದೊಡ್ಡ ಸೈನ್ಯವೇ ಎದುರಾಯಿತು. ಇದು ಮೊದಲನೆಯ ಅಚ್ಚರಿ. ವುಡ್ಡನ ಪಾಡು ಕೆಡುತ್ತಿರುವಾಗ, ಸಾಮಾನು ಸರಂಜಾಮಿನ ಕಾವಲಿಗಿದ್ದ ಕ್ಯಾಪ್ಟನ್ ಬ್ರೂಕ್ ನಾಲ್ಕು ಕಂಪನಿ ಸಿಪಾಯಿಗಳೊಡನೆ ಎರಡು ಫಿರಂಗಿಗಳನ್ನು ಮರೆಯ ದಾರಿಯಿಂದ ಬಂಡೆಯೊಂದರ ಮೇಲಕ್ಕೆ ಸಾಗಿಸಿ, ಗುಂಡು ಹಾರಿಸಿ, ‘ಸ್ಮಿತ್! ಸ್ಮಿತ್!’ ಎಂದು ಎಲ್ಲರಿಂದಲೂ ಕೂಗಿಸಿದನು. ಕರ್ನಲ್ ಸ್ಮಿತ್ತನ ಸೈನ್ಯ ಬಂದೇಬಿಟ್ಟಿತೆಂದು ಹೈದರನವರೂ ನಂಬಿದರು, ವುಡ್ಡನವರೂ ನಂಬಿದರು. ಸ್ಮಿತ್ತನು ಅಲ್ಲೆಲ್ಲಿಯೂ ಇರಲಿಲ್ಲ. ಹೈದರನ ಸೈನ್ಯ ಹಿಂಜರಿದ ಆ ಸ್ವಲ್ಪ ಹೊತ್ತಿನಲ್ಲಿ ವುಡ್ಡನು ತನ್ನವರನ್ನು ಸರಿಪಡಿಸಿಕೊಂಡನು.

೧೯೭೪ರ ನಿಯಮದಂತೆ ಹೈದರನ ಕಡೆಗೆ ಆರು ಮುಖದ ದಾಳ ಒಂದೆಸೆದರೆ ಮುಗಿಯಿತು. ೨೦೧೪ರ ನಿಯಮದಂತೆ ಬ್ರೂಕನ ಅಡಗುವಿಕೆಯನ್ನು ನೋಡಬೇಕು. ಆದರೆ ಆ ನಿಯಮವು ಕಾಳಗದ ಆರಂಭಕ್ಕೆ ಮಾತ್ರ ಹೇಳಿದ್ದು, ಇಲ್ಲಿ ಕಾಳಗ ಆಗಲೇ ನಡೆಯುತ್ತಿತ್ತು. ಅದಲ್ಲದೆ ಹೈದರನವರು ಕಂಡ ಫಿರಂಗಿ ನಿಜ, ಕೇಳಿದ ಕೂಗು ನಿಜ. ತಿಳಿದುಕೊಂಡದ್ದು ಮಾತ್ರ ಸುಳ್ಳು. ಕಾಣದಿರುವುದಕ್ಕೆ ಪುಸ್ತಕದಲ್ಲಿ ನಿಯಮವಿದೆ. ಕಂಡೂ ತಪ್ಪು ತಿಳಿಯುವುದಕ್ಕೆ ಇಲ್ಲ. ನಾನಾದರೆ ಇಲ್ಲಿ ೧೯೮೧ರ ಆವೃತ್ತಿಯ ಎದೆಗಾರಿಕೆಯ ಪರೀಕ್ಷೆಯನ್ನು ಎರವಲು ತರುತ್ತೇನೆ: ಎರಡು ದಾಳ ಎಸೆದು, ಪಡೆಯ ಧೈರ್ಯದ ಅಂಕಕ್ಕಿಂತ ಹೆಚ್ಚು ಬಿದ್ದರೆ ಆ ಪಡೆ ಕಾಲು ಕೀಳುತ್ತದೆ.

ಮೋಸವು ಬಯಲಾದೊಡನೆ ಹೈದರನು ಮತ್ತೆ ಮೇಲೆ ಬಿದ್ದನು. ಆಗ ಸರದಿಯನ್ನು ಹೊಸದಾಗಿ ನಿರ್ಣಯಿಸಬೇಕೆ? ೨೦೧೪ರ ಪುಸ್ತಕದಲ್ಲಿ ಕಾಳಗಕ್ಕೆ ಒಂದೇ ಎಸೆತ, ಕೊನೆಯವರೆಗೂ ಅದೇ ಸರದಿ. ೧೯೮೧ರಲ್ಲಿ ಪ್ರತಿ ಸುತ್ತಿಗೂ ಎರಡು ಪಕ್ಷದವರೂ ಹೊಸದಾಗಿ ಎಸೆಯುತ್ತಿದ್ದರು. ಮುಳಬಾಗಿಲ ಬಂಡೆಗಳ ನಡುವಿನ ಆ ದಿನವನ್ನು ಮೇಜಿನ ಮೇಲೆ ಆಡಬಯಸುವವರು ಹಳೆಯ ಪದ್ಧತಿಯನ್ನೇ ಹಿಡಿಯುವುದು ಲೇಸು.