ಜ್ಯೂಸಾ? ಪೊಸೈಡನ್ನಾ? ಖಾಲಿ ಕೈಯ ಲೆಕ್ಕ

ಹೋದ ಸೆಮಿಸ್ಟರ್ ಕ್ವಿಜ್‌ನಲ್ಲಿ ಒಂದು ಫೋಟೋ ತೋರಿಸಿದ್ರು. ಗಡ್ಡ ಬಿಟ್ಟ ಗ್ರೀಕ್ ದೇವರು, ಎಡಗೈ ಮುಂದೆ ಚಾಚಿ, ಬಲಗೈಯಲ್ಲಿ ಏನನ್ನೋ ಎಸೆಯೋ ಭಂಗಿ. ಸುಳಿವು: "ಸಮುದ್ರದಲ್ಲಿ ಸಿಕ್ಕಿದ್ದು." ನಾನು ತಕ್ಷಣ ಬಜರ್ ಒತ್ತಿ "ಪೊಸೈಡನ್" ಅಂದೆ. ಉತ್ತರ ತಪ್ಪು, ಫೈನಲ್ ಹೋಯ್ತು. ಎಲ್ಲಿ ಎಡವಿದೆ ಅಂತ ಆಮೇಲೆ ಓದಿ ನೋಡಿದೆ.

ಅದು ಆರ್ಟೆಮಿಸಿಯಾನ್ ಕಂಚಿನ ಮೂರ್ತಿ. 1926 ಮತ್ತು 1928ರಲ್ಲಿ ಗ್ರೀಸ್‌ನ ಯೂಬಿಯಾ ದ್ವೀಪದ ಹತ್ತಿರ ಕಡಲಿನಿಂದ ತುಂಡುಗಳಾಗಿ ಮೇಲೆ ಬಂತು. ಎತ್ತರ ಸುಮಾರು 2.09 ಮೀಟರ್, ಕಾಲ ಸುಮಾರು ಕ್ರಿ.ಪೂ. 460. ಈಗ ಅಥೆನ್ಸ್‌ನ ರಾಷ್ಟ್ರೀಯ ಪುರಾತತ್ವ ಸಂಗ್ರಹಾಲಯದಲ್ಲಿದೆ. ಕೈಯಲ್ಲಿದ್ದ ಆಯುಧ ಮಾತ್ರ ಸಿಕ್ಕಿಲ್ಲ. ಗೊಂದಲಕ್ಕೆ ಕಾರಣ ಅದೇ. ಸಿಡಿಲಾಗಿದ್ದರೆ ಜ್ಯೂಸ್, ತ್ರಿಶೂಲವಾಗಿದ್ದರೆ ಅವನ ಸೋದರ ಪೊಸೈಡನ್.

ಹಾಗಾದ್ರೆ ಗುರುತಿಸೋದು ಹೇಗೆ? ಒಂದೊಂದೇ ಸಾಕ್ಷಿ ನೋಡೋಣ.

1. ಸಿಕ್ಕ ಜಾಗ. ನಾನು ನಂಬಿದ್ದು ಇದನ್ನೇ. ಆದರೆ ಮೂರ್ತಿ ಮುಳುಗಿದ ಹಡಗಿನ ಸರಕು. ಅದೇ ಹಡಗಿನಲ್ಲಿ ಕುದುರೆ ಸವಾರಿ ಮಾಡುವ ಹುಡುಗನ ಕಂಚಿನ ಮೂರ್ತಿಯೂ ಇತ್ತು. ಅದು ಸುಮಾರು ಕ್ರಿ.ಪೂ. 2ನೇ ಶತಮಾನದ್ದು. ಅಂದರೆ ಹಡಗು ಮುಳುಗಿದ್ದು ದೇವರ ಮೂರ್ತಿ ತಯಾರಾಗಿ ಶತಮಾನಗಳಾದ ಮೇಲೆ. ಸಮುದ್ರದಲ್ಲಿ ಸಿಕ್ಕಿದ ಮಾತ್ರಕ್ಕೆ ಸಮುದ್ರದ ದೇವರಾಗಲ್ಲ.

2. ಮುಖ. ಗಡ್ಡ, ಪ್ರೌಢ ದೇಹ. ಅಣ್ಣ ತಮ್ಮ ಇಬ್ಬರನ್ನೂ ಹೀಗೇ ಕೆತ್ತುತ್ತಿದ್ದರು. ಇದರಿಂದ ಏನೂ ತೀರ್ಮಾನ ಆಗಲ್ಲ.

3. ಆಯುಧದ ಉದ್ದ. ಈ ಬಲಗೈಯಲ್ಲಿ ಉದ್ದನೆಯ ತ್ರಿಶೂಲ ಇಟ್ಟು ಊಹಿಸಿ. ಪಕ್ಕದಿಂದ ನೋಡುವವರಿಗೆ ಅದರ ಕೋಲು ಮುಖಕ್ಕೆ ಅಡ್ಡ ಬರುತ್ತೆ. ಗಿಡ್ಡ ಸಿಡಿಲಾದರೆ ಆ ತೊಂದರೆ ಇಲ್ಲ.

4. ಹೋಲಿಕೆ. ಸಿಡಿಲು ಹಿಡಿದು ಇದೇ ಭಂಗಿಯಲ್ಲಿ ನಿಂತ ಜ್ಯೂಸ್‌ನ ಪುಟ್ಟ ಕಂಚಿನ ಮೂರ್ತಿಗಳು ಡೊಡೋನಾದಲ್ಲಿ ಸಿಕ್ಕಿವೆ. ಆದರೆ ಪೊಸೈಡೋನಿಯಾ ನಗರದ ನಾಣ್ಯಗಳಲ್ಲಿ ಪೊಸೈಡನ್ ಕೂಡ ತ್ರಿಶೂಲ ಎತ್ತಿ ಹೀಗೇ ನಿಂತಿದ್ದಾನೆ!

ಎಲ್ಲ ಕೂಡಿಸಿದರೆ ತಕ್ಕಡಿ ಜ್ಯೂಸ್ ಕಡೆ ವಾಲುತ್ತೆ. ಹೆಚ್ಚಿನ ವಿದ್ವಾಂಸರ ಅಭಿಪ್ರಾಯವೂ ಅದೇ. ಆದರೂ ಆಯುಧ ಸಿಗೋವರೆಗೆ ಇದು "ಬಹುಶಃ ಜ್ಯೂಸ್" ಮಾತ್ರ.

ಲ್ಯಾಬ್‌ನಲ್ಲಿ ಒಂದೇ ರೀಡಿಂಗ್ ತಗೊಂಡು ಗ್ರಾಫ್ ಎಳೆದರೆ ಮೇಡಂ ರೆಕಾರ್ಡ್ ವಾಪಸ್ ಕೊಡ್ತಾರಲ್ವಾ? ಕ್ವಿಜ್‌ನಲ್ಲಿ ನಾನು ಮಾಡಿದ್ದೂ ಅದನ್ನೇ.