ಸಾಮಾನ್ಯ ಜ್ಞಾನ: ಕೆನ್ಯಾದ ವಾಜಿರ್ ಶಾಂತಿ ಸಮಿತಿ

ಕೆನ್ಯಾ ದೇಶದ ಈಶಾನ್ಯಕ್ಕೆ, ಸೊಮಾಲಿಯಾ ಮತ್ತು ಇಥಿಯೋಪಿಯಗಳ ಎಲ್ಲೆಗೆ ತಾಗಿಕೊಂಡಿರುವ ವಾಜಿರ್ ಎಂಬ ಶುಷ್ಕ ಸೀಮೆಯಲ್ಲಿ ಪಶುಪಾಲನೆಯೇ ಮುಖ್ಯ ಜೀವನೋಪಾಯವಾದುದರಿಂದ, ನೀರು ಹಾಗೂ ಹುಲ್ಲುಗಾವಲುಗಳ ಹಕ್ಕು ಅಲ್ಲಿಯ ಸೊಮಾಲಿ ಕುಲಗಳಿಗೆ ಬಹುಕಾಲದಿಂದ ಕಲಹಕಾರಣವಾಗಿದ್ದಿತು. 1991ರಲ್ಲಿ ಸೊಮಾಲಿಯಾದ ಸರ್ಕಾರ ಪತನಗೊಂಡು ಬಂದೂಕುಗಳು ಗಡಿ ದಾಟಿ ಬರತೊಡಗಲು, ಬರಗಾಲವೂ ಜೊತೆಗೂಡಿ, ಅಜುರಾನ್, ದೆಗೋಡಿಯಾ, ಒಗಾಡೆನ್ ಕುಲಗಳ ವೈಷಮ್ಯವು ಘೋರ ರಕ್ತಪಾತಕ್ಕೆ ತಿರುಗಿತು.

ಇದರ ಶಮನಕ್ಕೆ ಮುಂದಾದವರು ಸಂತೆಯ ಸ್ತ್ರೀಯರೆಂಬುದು ವಿಶೇಷವಾಗಿ ಗಮನಾರ್ಹ. ಅನ್ಯಕುಲದವಳಿಗೆ ಮಾರುವುದೂ ಅವಳಿಂದ ಕೊಳ್ಳುವುದೂ ನಿಂತುಹೋಗಿದ್ದ ಆ ಕಾಲದಲ್ಲಿ, ದೇಖಾ ಇಬ್ರಾಹಿಂ ಅಬ್ದಿ ಮೊದಲಾದವರು ಕುಲಭೇದವಿಲ್ಲದೆ ಸಂತೆ ಎಲ್ಲರಿಗೂ ತೆರೆದಿರಬೇಕೆಂದು ನಿಶ್ಚಯಿಸಿ, ಅದನ್ನು ಕಾಯಲು ವಿವಿಧ ಕುಲಗಳ ಸ್ತ್ರೀಯರನ್ನೇ ನೇಮಿಸಿದರು. ಅನಂತರ ಹಿರಿಯರ ಸಭೆ ಕೂಡಿದಾಗ, ಪ್ರಬಲರ ಪೈಪೋಟಿಯಲ್ಲಿ ಪಾಲಿಲ್ಲದ ಅಲ್ಪಸಂಖ್ಯಾತ ಕುಲದ ಹಿರಿಯನೊಬ್ಬನು ಮಧ್ಯಸ್ಥನಾದನು. ಇದು, ನನ್ನೆಣಿಕೆಯಲ್ಲಿ, ಇಡೀ ಪ್ರಯತ್ನದ ಅತ್ಯಂತ ಚತುರ ಕ್ರಮ. 1993ರ ಅಲ್-ಫತಾ ಘೋಷಣೆ ಎಂಬ ಶಾಂತಿ ಒಪ್ಪಂದವು ಈ ಮಾತುಕತೆಗಳ ಫಲ.

1995ರಲ್ಲಿ ಸ್ತ್ರೀಯರು, ಯುವಕರು, ಹಿರಿಯರು ಮೊದಲಾದವರ ಗುಂಪುಗಳು ಒಂದುಗೂಡಿ ವಾಜಿರ್ ಶಾಂತಿ ಮತ್ತು ಅಭಿವೃದ್ಧಿ ಸಮಿತಿಯಾಗಿ ಜಿಲ್ಲಾಡಳಿತದೊಳಗೆ ಸ್ಥಾನ ಪಡೆದವು. ಎಲ್ಲಿಯಾದರೂ ಜಗಳ ಹೊತ್ತಿತೆಂಬ ಸುದ್ದಿ ಬಂದೊಡನೆ ಅಲ್ಲಿಗೆ ಧಾವಿಸುವ ತುರ್ತು ತಂಡಗಳನ್ನೂ ಈ ಸಮಿತಿ ಇರಿಸಿಕೊಂಡಿದ್ದಿತು. ಕೆನ್ಯಾದ ಇತರ ಜಿಲ್ಲೆಗಳ ಶಾಂತಿ ಸಮಿತಿಗಳಿಗೂ ವಾಜಿರ್ ಮಾದರಿಯಾಯಿತು.

ದೇಖಾ (1964–2011) ಅವರಿಗೆ 2007ರಲ್ಲಿ ಸಂದದ್ದು ಸ್ವೀಡನ್ನಿನ ರೈಟ್ ಲೈವ್‌ಲಿಹುಡ್ ಪ್ರಶಸ್ತಿ. ಇದನ್ನು ‘ಪರ್ಯಾಯ ನೊಬೆಲ್’ ಎನ್ನುವುದುಂಟಾದರೂ ನೊಬೆಲ್ ಪ್ರತಿಷ್ಠಾನಕ್ಕೂ ಇದಕ್ಕೂ ಸಂಬಂಧವಿಲ್ಲ.