ನಾರು ಬೆರೆತ ರಾಳದ ಹಲಗೆಗಳೂ ನಾರನ್ನು ಹದಗೊಳಿಸುವ ಕ್ರಮವೂ

ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಈ ನಾಲ್ಕು ಕಡೆಗಳಲ್ಲಿಯೂ ನಾರು ಕೊಡುವ ಗಿಡಗಳಿಗೆ ಕೊರತೆಯಿಲ್ಲ. ನಾಲೆಯ ಬಯಲುಗಳಲ್ಲಿ ಬತ್ತದ ನಾಟಿಗೆ ಮುಂಚೆ ಹಸುರುಗೊಬ್ಬರಕ್ಕಾಗಿ ಸೆಣಬನ್ನು ಬಿತ್ತುವುದುಂಟು. ಹೊಲದ ಬೇಲಿಗಳಲ್ಲಿ ಕತ್ತಾಳೆಯೂ, ತೋಟಗಳಲ್ಲಿ ತೆಂಗು ಬಾಳೆಗಳೂ, ಕಾಡಿನ ಅಂಚಿನಲ್ಲಿ ಬಿದಿರೂ ಬೆಳೆಯುತ್ತವೆ. ಹಗ್ಗ, ಕಣ್ಣಿ, ಮೂಗುದಾರಗಳಿಗೆ ಒದಗುತ್ತಿದ್ದ ನಾರಿನ ಸ್ಥಾನವನ್ನು ಈಗ ಬಹುಮಟ್ಟಿಗೆ ನೈಲಾನ್ ಆಕ್ರಮಿಸಿದೆ. ಆದರೆ ಅದೇ ನಾರಿಗೆ ಮತ್ತೊಂದು ಉಪಯೋಗವು ಕೈಗಾರಿಕೆಯಲ್ಲಿ ಬೆಳೆದುಬಂದಿರುವುದರಿಂದ, ಅದರ ಸ್ವರೂಪವನ್ನು ಗ್ರಾಮದ ಮುಖಂಡರೂ ಜಮೀನುದಾರರೂ ತಿಳಿದಿರುವುದು ಯುಕ್ತ.

ತತ್ತ್ವವು ಹಳೆಯದೇ. ಗೋಡೆಗೆ ಮಣ್ಣು ಕಲಸುವಾಗ ಹುಲ್ಲನ್ನು ಸೇರಿಸಿ ತುಳಿಯುವುದು ರೂಢಿ. ಬರಿಯ ಮಣ್ಣು ಒಣಗುವಾಗ ಬಿರಿಯುತ್ತದೆ. ಬರಿಯ ಹುಲ್ಲು ನಿಲ್ಲುವುದಿಲ್ಲ. ಎರಡೂ ಕೂಡಿದರೆ ಗೋಡೆ ಗಟ್ಟಿಯಾಗುತ್ತದೆ. ಮಣ್ಣಿಗೆ ಬದಲಾಗಿ ಪ್ಲಾಸ್ಟಿಕ್ ಜಾತಿಯ ರಾಳವನ್ನೂ, ಹುಲ್ಲಿಗೆ ಬದಲಾಗಿ ನಾರನ್ನೂ ಇಟ್ಟು ಶಾಖ ಮತ್ತು ಒತ್ತಡಗಳಿಂದ ಅಚ್ಚು ಮಾಡಿದರೆ ಹಲಗೆಯಾಗುತ್ತದೆ. ಪೂರ್ವ ಜರ್ಮನಿಯಲ್ಲಿ 1957 ರಿಂದ ತಯಾರಾದ ಟ್ರಾಬಾಂಟ್ ಎಂಬ ಕಾರಿನ ಹೊರಮೈ ಹಲಗೆಗಳು, ಉಕ್ಕಿನ ಅಭಾವದ ಕಾರಣ, ಹತ್ತಿಯ ನಿರುಪಯುಕ್ತ ಎಳೆ ಮತ್ತು ಫೀನಾಲ್ ರಾಳಗಳಿಂದಲೇ ಆಗುತ್ತಿದ್ದವು. ನಮ್ಮ ನಾಡಿನಲ್ಲಿ, ಪ್ಲೈವುಡ್ ಸಂಶೋಧನೆಗಾಗಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಸಂಸ್ಥೆಯು ಬಿದಿರಿನ ಚಾಪೆಗಳನ್ನು ರಾಳದಲ್ಲಿ ಅದ್ದಿ, ಒಂದರ ಮೇಲೊಂದನ್ನಿಟ್ಟು, ಕಾದ ಯಂತ್ರದಲ್ಲಿ ಒತ್ತಿ, ಹಲಗೆಗಳನ್ನೂ ಮೇಲ್ಛಾವಣಿಯ ತಗಡುಗಳನ್ನೂ ಮಾಡುವ ಕ್ರಮವನ್ನು ರೂಪಿಸಿತು.

ಇಂಥ ಕೆಲಸಕ್ಕೆ ಸಾಮಾನ್ಯವಾಗಿ ಬಳಸುವುದು ಗಾಜಿನ ಎಳೆ. ಅದರ ಸಾಂದ್ರತೆಯು ನೀರಿನ ಎರಡೂವರೆ ಪಾಲು. ಸೆಣಬು, ಕತ್ತಾಳೆ ಮುಂತಾದವುಗಳದು ಸುಮಾರು ಒಂದೂವರೆ ಪಾಲು ಮಾತ್ರ. ಆದುದರಿಂದ ನಾರಿನ ಹಲಗೆ ಹಗುರ. ಕೊಯ್ಯುವವನ ಕೈಗೂ ಉಸಿರಿಗೂ ಗಾಜಿನಷ್ಟು ತೊಂದರೆಯಿಲ್ಲ. ದೋಷಗಳೂ ಉಂಟು. ನಾರು ನೀರನ್ನು ಹೀರಿ ಉಬ್ಬುತ್ತದೆ. ಸುಮಾರು 200 ಡಿಗ್ರಿ ಸೆಂಟಿಗ್ರೇಡ್ ಶಾಖವನ್ನು ಮೀರಿದರೆ ಕೆಡಲಾರಂಭಿಸುತ್ತದೆ. ಆದಕಾರಣ ಇದು ಕಾರಿನ ಒಳಹಲಗೆ, ಬಾಗಿಲಿನ ಹಲಗೆ, ಪೆಟ್ಟಿಗೆಗಳಿಗೆ ತಕ್ಕುದೇ ಹೊರತು ಭಾರ ಹೊರುವ ತೊಲೆಗಲ್ಲ.

ನಾರುಗಳ ಭೇದ

ನಾರಿನ ಬಲವು ಮುಖ್ಯವಾಗಿ ಅದರಲ್ಲಿರುವ ಸೆಲ್ಯುಲೋಸ್ ಎಂಬ ದ್ರವ್ಯವನ್ನು ಅವಲಂಬಿಸಿದೆ. ಸೆಣಬು, ಕತ್ತಾಳೆ, ಬಾಳೆಗಳಲ್ಲಿ ಇದು ಹೆಚ್ಚು. ತೆಂಗಿನ ನಾರಿನಲ್ಲಿ ಕಡಿಮೆ. ಅದು ಎಳೆತಕ್ಕೆ ಬಲಹೀನ, ಆದರೆ ಬೇಗ ತುಂಡಾಗದೆ ಹಿಗ್ಗುತ್ತದೆ. ಕತ್ತಾಳೆಯ ಹಸಿ ಎಲೆ 100 ಕಿಲೋಗ್ರಾಮಿಗೆ ಒಣ ನಾರು ಮೂರು ನಾಲ್ಕು ಕಿಲೋಗ್ರಾಂ ದೊರೆತರೆ, ಬಾಳೆಯ ಹಸಿ ಕಾಂಡದಲ್ಲಿ ಸುಮಾರು ಒಂದು ಕಿಲೋಗ್ರಾಂ ಮಾತ್ರ. ಆದುದರಿಂದ ಗೊನೆ ಕಡಿದ ಕಾಂಡಗಳನ್ನು ದೂರ ಸಾಗಿಸಿದರೆ ಗಾಡಿಯ ಬಾಡಿಗೆಯೇ ನಷ್ಟವಾಗುವುದು. ನಾರು ತೆಗೆಯುವ ಯಂತ್ರವು ತೋಟದ ಬಳಿಯಲ್ಲಿಯೇ ಇರತಕ್ಕದ್ದು.

ಹದಗೊಳಿಸುವ ಕ್ರಮ

ರಾಳವು ಶುದ್ಧವಾದ, ಒಣಗಿದ ನಾರನ್ನು ಮಾತ್ರ ಬಿಗಿಯಾಗಿ ಹಿಡಿಯುತ್ತದೆ. ಅಂಟು, ತೊಗಟೆ ಅಥವಾ ತೇವವಿದ್ದಲ್ಲಿ ಹಿಡಿತ ತಪ್ಪಿ, ಹಲಗೆಯೊಳಗೆ ಗುಳ್ಳೆ ಬಿದ್ದು, ಅದು ಪದರ ಪದರವಾಗಿ ಬಿಡುತ್ತದೆ. ನಾರಿನ ಯೋಗ್ಯತೆಯು ಕಾರ್ಖಾನೆಗಿಂತ ಮುಂಚೆ ಹಳ್ಳಿಯಲ್ಲಿಯೇ ನಿರ್ಣಯವಾಗುವುದೆಂಬುದಕ್ಕೆ ಇದೇ ಕಾರಣ.

ಸೆಣಬಿನ ಕಟ್ಟುಗಳನ್ನು ನೀರಿನಲ್ಲಿ ಮುಳುಗಿಸಿ ಕೊಳೆಹಾಕಬೇಕು. ಬೆಚ್ಚನೆಯ ಹವೆಯಲ್ಲಿ ನಾಲ್ಕರಿಂದ ಎಂಟು ದಿನಗಳು ಸಾಕು. ಮೂರನೆಯ ದಿನದಿಂದ ನಿತ್ಯವೂ ಒಂದು ಕಡ್ಡಿಯನ್ನು ತೆಗೆದು ಬುಡದಿಂದ ಸುಲಿದು ನೋಡತಕ್ಕದ್ದು. ನಾರು ಸಲೀಸಾಗಿ ಬಿಟ್ಟ ದಿನವೇ ಮೇಲೆತ್ತಬೇಕು. ಮೊದಲೇ ತೆಗೆದರೆ ತೊಗಟೆ ಉಳಿಯುವುದು. ತಡವಾದರೆ ನಾರೇ ಕೊಳೆಯುವುದು. ಬಳಿಕ ತಿಳಿನೀರಿನಲ್ಲಿ ತೊಳೆದು, ನೆಲಕ್ಕೆ ತಾಗದಂತೆ ಗಳುಗಳ ಮೇಲೆ ಹರವಿ ಒಣಗಿಸಿ, ಉದ್ದಕ್ಕೆ ತಕ್ಕಂತೆ ವಿಂಗಡಿಸಿ ಕಟ್ಟಬೇಕು. ಕತ್ತಾಳೆಯನ್ನು ಕೊಳೆಹಾಕದೆ ಹಸಿಯಾಗಿಯೇ ಹೆರೆಯುವುದು ಲೇಸು. ಅದರ ರಸ ಮೈಗೆ ತಾಗಿದರೆ ನವೆ ಬರುವುದರಿಂದ ಕೆಲಸಗಾರರು ಕೈಚೀಲ ಧರಿಸತಕ್ಕದ್ದು. ಕಾಸ್ಟಿಕ್ ಸೋಡಾದಿಂದ ನಾರನ್ನು ತೊಳೆಯುವ ಮುಂದಿನ ಕ್ರಿಯೆಯು ಕಾರ್ಖಾನೆಯ ಕೆಲಸ, ಮನೆಯಲ್ಲಿ ಮಾಡತಕ್ಕದ್ದಲ್ಲ.

ಮುಖಂಡರು ಗಮನಿಸಬೇಕಾದುದು

ಸೆಣಬನ್ನು ಕೊಳೆಹಾಕಿದ ನೀರಿನಲ್ಲಿ ಪ್ರಾಣವಾಯುವು ಕ್ಷೀಣಿಸಿ ಮೀನುಗಳು ಸಾಯುತ್ತವೆ. ದನಕರುಗಳಿಗೆ ಅದು ಕುಡಿಯಲು ಬಾರದು. ಆದುದರಿಂದ ಊರ ಕೆರೆಯಲ್ಲಾಗಲಿ, ಕುಡಿಯುವ ನೀರಿನ ಬಾವಿಯ ಸಮೀಪದಲ್ಲಾಗಲಿ ಇದಕ್ಕೆ ಅವಕಾಶ ಕೊಡದೆ, ಪ್ರತ್ಯೇಕ ಗುಂಡಿಯನ್ನು ಗೊತ್ತುಮಾಡಬೇಕು.

ಹಸುರುಗೊಬ್ಬರಕ್ಕೆ ಸೆಣಬನ್ನು ಹೂ ಬಿಡುವ ಕಾಲಕ್ಕೆ ಉಳುತ್ತಾರೆ. ನಾರಿಗಾದರೆ ಕಾಯಿ ಕಟ್ಟುವವರೆಗೂ ಬಿಡಬೇಕು. ಒಂದೇ ಪೈರಿನಿಂದ ಎರಡು ಫಲವೂ ದೊರೆಯಲಾರದು. ಗದ್ದೆಯ ಸಾರವನ್ನು ಬಿಟ್ಟುಕೊಟ್ಟು ನಾರನ್ನು ಪಡೆಯುವ ಮುಂಚೆ ಲೆಕ್ಕ ಹಾಕಿ ನೋಡಬೇಕು. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಬೆಳೆಗಾರರು ಬೇರೆ ಬೆಳೆಯನ್ನು ಯೋಚಿಸುವಾಗಲೂ ಇದೇ ಮಾತು ಸಲ್ಲುತ್ತದೆ. ಕೊಳ್ಳುವವರು ಯಾರು, ಎಷ್ಟು ಉದ್ದದ ನಾರು ಬೇಕು, ಎಷ್ಟು ತೇವಕ್ಕೆ ಒಪ್ಪಿಗೆಯುಂಟು ಎಂಬುದು ಬರಹದಲ್ಲಿ ನಿಶ್ಚಯವಾಗುವವರೆಗೆ ಹೊಲವನ್ನು ನಾರುಬೆಳೆಗೆ ತಿರುಗಿಸತಕ್ಕದ್ದಲ್ಲ. ಬೇಲಿಯ ಕತ್ತಾಳೆಯಿಂದಲೂ, ತೋಟದಲ್ಲಿ ಕೊಳೆತುಹೋಗುವ ಬಾಳೆಯ ಕಾಂಡದಿಂದಲೂ ಮೊದಲು ಸ್ವಲ್ಪ ನಾರನ್ನು ತೆಗೆದು ಕೊಳ್ಳುವವರಿಗೆ ತೋರಿಸಿದರೆ, ಹೊಲವನ್ನು ಪಣವಾಗಿಡದೆಯೇ ಈ ಕಸಬಿನ ಲಾಭನಷ್ಟಗಳು ಗೊತ್ತಾಗುವುವು.